ಎರಡು ಸಲ ಆರಿದ ದೀಪ

ಫೆಬ್ರವರಿ 9

ಪ್ರೀತಿಯ ಅಕ್ಕನಿಗೆ,

ಫೋನು ಕೈಯಲ್ಲಿದ್ದರೂ ಅಕ್ಕತಂಗಿಯರು ಕಾಗದ ಯಾಕೆ ಬರೆಯುತ್ತೀರಿ ಎಂದು ಭಾವ ನಗುತ್ತಾರಂತೆ. ನಗಲಿ ಬಿಡು. ಕಿವಿ ಕೇಳದ ಅಮ್ಮನಿಗೆ ಎಲ್ಲವನ್ನೂ ಬರೆದು ತೋರಿಸಿ ಬೆಳೆದವರು ನಾವು. ಬಾಯಲ್ಲಿ ಆಡಲಾಗದ್ದು ನಮಗೆ ಕೈಯಲ್ಲಿ ಬರುತ್ತದೆ.

ಈ ಸಲದ್ದು ಭಯದ ಸುದ್ದಿ. ಎದುರು ಮನೆಯ ಟೀಚರ ಮನೆಗೆ ಕಳ್ಳರು ನುಗ್ಗಿದರು. ಸಂಜೆ, ಬೀದಿಯಲ್ಲಿ ಜನ ಓಡಾಡುತ್ತಿದ್ದ ಹೊತ್ತು. ಒಳಗೆ ಬಂದವರು ಮೊದಲು ಮಾಡಿದ ಕೆಲಸ ದೀಪ ಆರಿಸಿದ್ದು. ಆಮೇಲೆ ಟೀಚರ ಬಾಯಿಗೆ ಬಟ್ಟೆ ತುರುಕಿದರು. ಟೀಚರು ಈಗ ಮಗನ ಮನೆಗೆ ಹೋಗಿಬಿಟ್ಟಿದ್ದಾರೆ. ಹೋಗುವ ಮುಂಚೆ ನನ್ನ ಕೈ ಹಿಡಿದು, "ದೀಪ ಆರಿದ ತಕ್ಷಣ ಕೂಗಬೇಕಿತ್ತು ಕಣಮ್ಮ, ಕರೆಂಟು ಹೋಯ್ತು ಅಂದ್ಕೊಂಡು ಸುಮ್ನೆ ಕೂತಿದ್ದೆ" ಎಂದರು. ಆ ಮಾತು ತಲೆಯಿಂದ ಹೋಗುತ್ತಲೇ ಇಲ್ಲ.

ನನ್ನ ನೆಲಮಾಳಿಗೆ ನೀನು ನೋಡಿದ್ದೀಯಲ್ಲ. ಕಿಟಕಿ ಇಲ್ಲ, ಹಗಲಲ್ಲೂ ದೀಪ ಬೇಕು. ಹೊಲಿಗೆ ಯಂತ್ರ ಗೋಡೆಗೆ ಮುಖ ಮಾಡಿದೆ, ಮೆಟ್ಟಿಲು ನನ್ನ ಬೆನ್ನ ಹಿಂದೆ, ಸ್ವಿಚ್ಚು ಕೊನೆಯ ಮೆಟ್ಟಿಲ ಪಕ್ಕದ ಗೋಡೆಯಲ್ಲಿ. ಆಸ್ಪತ್ರೆಯವರು ಹಾಸಿಗೆಗಳ ಸುತ್ತ ಕಟ್ಟುವ ಹಸಿರು ಪರದೆಗಳನ್ನು ಹೊಲಿಯಲು ಕೊಟ್ಟಿದ್ದಾರೆ. ಯಂತ್ರದ ಮೋಟಾರು ತಿರುಗಲು ಶುರುವಾದರೆ ಮೇಲೆ ಯಾರು ಬಾಗಿಲು ಒಡೆದರೂ ನನಗೆ ಕೇಳುವುದಿಲ್ಲ. ಬೀಗವೂ ಹಳೆಯದು. ಒಳಗಿನಿಂದ ಹಾಕಿಕೊಳ್ಳಲು ಒಂದು ಚಿಲಕ ಹಾಕಿಸಿ ಎಂದರೆ ಮನೆಯ ಮಾಲೀಕರು "ನೋಡೋಣ" ಎನ್ನುತ್ತಾರೆ. ಅವರ "ನೋಡೋಣ" ನೋಡಿ ನೋಡಿ ನನಗೆ ಕಣ್ಣು ಸೋತಿದೆ. ಪರದೆ ನೇತುಹಾಕುವ ಒಂದು ಕಬ್ಬಿಣದ ಕಂಬಿಯನ್ನು ಯಂತ್ರಕ್ಕೆ ಒರಗಿಸಿಟ್ಟುಕೊಂಡು ಹೊಲಿಯುತ್ತಿದ್ದೇನೆ.

ವಿಚಿತ್ರ ನೋಡು. ನಮ್ಮ ಮನೆಯಲ್ಲಿ ದೀಪ ಆರಿದರೆ ಖುಷಿಯಾಗುತ್ತಿತ್ತು. ಆರಿ, ಹೊತ್ತಿ, ಮತ್ತೆ ಆರಿ, ಹೊತ್ತಿದರೆ ನಮ್ಮವರು ಯಾರೋ ಬಂದರು ಎಂದು ಅರ್ಥ. ಅಮ್ಮ ಒಲೆಯ ಮುಂದಿನಿಂದ ತಿರುಗುವ ಮೊದಲೇ ನಗುತ್ತಿದ್ದಳು. ಈಗ ಬಲ್ಬು ಒಂದು ಸಲ ಮಿಣುಕಿದರೆ ನನಗೆ ಜೀವ ಬಾಯಿಗೆ ಬರುತ್ತದೆ.

ಯಾರನ್ನಾದರೂ ಜೊತೆಗೆ ಇರಲು ಕಳಿಸುತ್ತೇನೆ, ಬಾಗಿಲು ನೋಡಲು ಕಳಿಸುತ್ತೇನೆ ಎಂದೆಲ್ಲ ಶುರು ಮಾಡಬೇಡ. ಗುರುತಿಲ್ಲದವರು ಮನೆಯೊಳಗೆ ಬರುವುದೇ ಬೇಡ. ನೀನು ಬಾ. ನಿನ್ನ ಹತ್ತಿರ ನನ್ನ ಮನೆಯ ಇನ್ನೊಂದು ಬೀಗದ ಕೈ ಇದೆಯಲ್ಲ.

ನಿನ್ನ,
ಪುಕ್ಕಲಿ


ಫೆಬ್ರವರಿ 14

ನನ್ನ ಮುದ್ದಿನ ಪುಕ್ಕಲಿಗೆ,

ಟೀಚರ ಸುದ್ದಿ ಓದಿ ನನಗೂ ಎದೆ ಧಸಕ್ ಎಂದಿತು. ಮೊದಲೇ ನೀನು ಪುಕ್ಕಲಿ, ಹೆದರುವವರ ಮೇಲೆ ಕಪ್ಪೆ ಎಸೆದ ಹಾಗಾಯಿತು. ಚಿಕ್ಕವಳಿದ್ದಾಗ ಒಣಹಾಕಿದ ಅಪ್ಪನ ಅಂಗಿ ಗಾಳಿಗೆ ಕೈ ಬೀಸಿತು ಎಂದು ಸಂಜೆಯವರೆಗೆ ಮಂಚದ ಕೆಳಗೆ ಕೂತಿದ್ದವಳು ನೀನು. ನಗುತ್ತಿಲ್ಲ. ಸರಿ, ಸ್ವಲ್ಪ ನಗುತ್ತಿದ್ದೇನೆ.

ನಿನಗಾಗಿ ನಮ್ಮ ಆಫೀಸಿನ ವಕೀಲರನ್ನೇ ಕೇಳಿದೆ. ಈ ವಿಷಯದ ಕಾಗದಗಳನ್ನು ಎಷ್ಟೋ ಸಲ ಟೈಪು ಮಾಡಿದ್ದೇನೆ, ಆದರೆ ಅರ್ಥ ಕೇಳಿದ್ದು ಇದೇ ಮೊದಲು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ನೋಡಮ್ಮಾ, ಮನೆಯೊಳಗೆ ನುಗ್ಗಿದವನಿಗೆ ಹೊಡೆದವರನ್ನ ಕಾನೂನು ಕೈಬಿಡಲ್ಲ. ಪೆಟ್ಟು ಜೋರಾಗಿ ಬಿದ್ರೂ ಕೈಬಿಡಲ್ಲ, ಹೆದರಿದವರು ತೂಕ ಮಾಡಿ ಹೊಡೀತಾರಾ? ಆದ್ರೆ ಅದು ಕೊಡೆ ಇದ್ದ ಹಾಗೆ. ಭಯ ಇರೋ ತನಕ ಮಾತ್ರ ನೆತ್ತಿ ಮೇಲಿರುತ್ತೆ. ಭಯ ಹೋದ ಮೇಲೆ ಬಿದ್ದ ಏಟಿಗೆ ಆ ಕೊಡೆ ಇಲ್ಲ."

ಕೇಳಿಸಿಕೊಂಡೆಯಾ? ಭಯಪಡುವುದರಲ್ಲಿ ನಿನ್ನನ್ನು ಮೀರಿಸುವವರು ಈ ಭೂಮಿಯ ಮೇಲೆ ಇಲ್ಲ. ಹಾಗಾಗಿ ನಿನ್ನಷ್ಟು ದೊಡ್ಡ ಕೊಡೆ ಯಾರಿಗೂ ಇಲ್ಲ. ಕಂಬಿ ಅಲ್ಲೇ ಇರಲಿ. ಬೇಕಾಗುವುದಿಲ್ಲ, ಆದರೂ ಇರಲಿ. ಟೀಚರ ಹಾಗೆ ಸುಮ್ಮನೆ ಮಾತ್ರ ಕೂರಬೇಡ.

ನನಗೆ ಈ ತಿಂಗಳು ರಜೆ ಸಿಗುವುದಿಲ್ಲ. ಬಾಗಿಲಿನ ಯೋಚನೆ ನನಗೆ ಬಿಡು. ಹೇಗೆ, ಏನು ಎಂದು ಕೇಳಬೇಡ. ಕೇಳಿದರೆ ಅದಕ್ಕೂ ಹೆದರುತ್ತೀಯ.

ನಿನ್ನ,
ಅಕ್ಕ


ಫೆಬ್ರವರಿ 26

ಅಕ್ಕಾ,

ಆಗಿಹೋಯಿತು. ನಾನು ಒಬ್ಬನನ್ನು ಹೊಡೆದಿದ್ದೇನೆ.

ಫೋನನ್ನು ಪೊಲೀಸರು ತೆಗೆದುಕೊಂಡಿದ್ದಾರೆ, ಕೊಡುತ್ತಾರಂತೆ. ಅಕ್ಷರ ನೆಟ್ಟಗಿಲ್ಲ, ಕ್ಷಮಿಸು. ಬಲಗೈ ಇನ್ನೂ ನನ್ನ ಮಾತು ಕೇಳುತ್ತಿಲ್ಲ.

ನಿನ್ನೆ ಮಧ್ಯಾಹ್ನ ಹಸಿರು ಪರದೆಯ ಅಂಚು ಮಡಿಸಿ ಹೊಲಿಯುತ್ತಿದ್ದೆ. ಯಂತ್ರ ಓಡುತ್ತಿತ್ತು. ಇದ್ದಕ್ಕಿದ್ದಂತೆ ದೀಪ ಆರಿತು. ಮೋಟಾರು ಮಾತ್ರ ನಿಲ್ಲಲಿಲ್ಲ. ಅಂದರೆ ಕರೆಂಟು ಹೋಗಿಲ್ಲ, ಯಾರೋ ಸ್ವಿಚ್ಚು ಒತ್ತಿದ್ದಾರೆ, ನನ್ನ ಬೆನ್ನ ಹಿಂದೆಯೇ ನಿಂತಿದ್ದಾರೆ. ಟೀಚರ ಮಾತು ಕಿವಿಯಲ್ಲಿ ಕೇಳಿದಂತಾಯಿತು. ಕಂಬಿ ಹಿಡಿದು ಎದ್ದು, ತಿರುಗಿ, ಬೀಸಿಬಿಟ್ಟೆ. ಒಂದೇ ಏಟು. ಬಿದ್ದ ಸದ್ದು ಯಂತ್ರದ ಸದ್ದನ್ನೂ ಮೀರಿ ಕೇಳಿತು. ಬೆಳಕಿನಲ್ಲಿ ನೋಡಿದರೆ ಅಪ್ಪನಷ್ಟು ವಯಸ್ಸಿನ ಮನುಷ್ಯ. ಕನ್ನಡಕ ದೂರ ಹೋಗಿ ಬಿದ್ದಿತ್ತು. ಹಣೆಯಿಂದ ರಕ್ತ ಸುರಿದು ಪರದೆಯ ಬಟ್ಟೆಗೆ ಇಂಗುತ್ತಿತ್ತು.

ಬದುಕಿದ್ದಾನೆ. ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾನೆ. ಹಾಸಿಗೆಯ ಪಕ್ಕ ಒಬ್ಬ ಪೇದೆಯನ್ನು ಕೂರಿಸಿದ್ದಾರೆ.

ವಿಚಾರಣೆಗೆ ಬಂದ ಅಧಿಕಾರಿ ಹೆಂಗಸು, ಒಳ್ಳೆಯವರು. ನೀರು ಕೊಟ್ಟು, "ಹೆದರಬೇಡಿ, ನಿಮ್ಮ ಮನೆಯೊಳಗೆ ನೀವಿದ್ರಿ, ಕಾನೂನು ನಿಮ್ಮ ಕಡೆಗಿದೆ" ಎಂದರು. ನೀನು ಬರೆದ ಕೊಡೆ ನೆನಪಾಗಿ ಅಲ್ಲೇ ಅತ್ತುಬಿಟ್ಟೆ. ಆದರೆ ಅವರಿಗೆ ಒಂದು ವಿಷಯ ಬಗೆಹರಿಯುತ್ತಿಲ್ಲ. ಬಾಗಿಲು ಒಡೆದಿಲ್ಲ. ಅವನ ಜೇಬಿನಲ್ಲಿ ನನ್ನ ಬೀಗಕ್ಕೆ ಹೊಂದುವ ಕೀಲಿಕೈ ಸಿಕ್ಕಿದೆ. ನಕಲು ಮಾಡಿಸಿರಬೇಕು ಎನ್ನುತ್ತಾರೆ. ಚೀಲದಲ್ಲಿ ಉಳಿ, ಸುತ್ತಿಗೆ, ಸ್ಕ್ರೂಡ್ರೈವರು, ಕಾಗದ ಸುತ್ತಿದ ಹೊಸ ಚಿಲಕ ಇದ್ದವು. ಅದೂ ಎಲ್ಲೋ ಕದ್ದದ್ದೇ ಇರಬೇಕಂತೆ.

ಅಕ್ಕಾ, ಆ ಮುದುಕ ಸತ್ತುಹೋದರೆ? ನನಗೆ ಮೆಟ್ಟಿಲು ಇಳಿಯಲು ಆಗುತ್ತಿಲ್ಲ. ಮೇಲಿನ ಕೋಣೆಯಲ್ಲಿ ಎಲ್ಲ ದೀಪ ಹಚ್ಚಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತು ಬರೆಯುತ್ತಿದ್ದೇನೆ. ಏನಾದರೂ ಬರೆ. ಬೇಗ ಬರೆ.

ಪುಕ್ಕಲಿ


ಮಾರ್ಚ್ 2

ತಂಗಿಗೆ,

ಕಾಗದ ತಲುಪಿತು. ನಿನಗೆ ಏನೂ ಆಗಿಲ್ಲ ಎನ್ನುವುದೇ ದೊಡ್ಡದು.

ಇನ್ನು ಮುಂದೆ ಪೊಲೀಸರ ಹತ್ತಿರ ಕೇಳಿದ್ದಕ್ಕಿಂತ ಒಂದು ಮಾತೂ ಹೆಚ್ಚು ಆಡಬೇಡ. ನೆರೆಹೊರೆಯವರ ಹತ್ತಿರವಂತೂ ಬಾಯಿಗೆ ಬೀಗ ಇರಲಿ.

ನನಗೆ ಎರಡು ವಿಷಯ ತಿಳಿಯಬೇಕು. ಸರಿಯಾಗಿ ಯೋಚಿಸಿ ಬರೆ. ಆ ಮನುಷ್ಯನ ಎಡಗೈಯಲ್ಲಿ ಒಂದು ಬೆರಳು ಅರ್ಧ ಇಲ್ಲವೇ? ಇನ್ನೊಂದು, ಕತ್ತಲಲ್ಲಿ ಹೊಡೆದೆ ಎಂದು ಬರೆದಿದ್ದೀಯ, ಬೆಳಕಿನಲ್ಲಿ ನೋಡಿದೆ ಎಂದೂ ಬರೆದಿದ್ದೀಯ. ದೀಪ ಹಚ್ಚಿದವರು ಯಾರು? ದೀಪ ಆರಿದ್ದು ಒಂದೇ ಸಲವೋ ಹೇಗೆ?

ಭಾವ ಚೆನ್ನಾಗಿದ್ದಾರೆ. ಊಟ ಬಿಡಬೇಡ.

ಅಕ್ಕ


ಮಾರ್ಚ್ 6

ಅಕ್ಕಾ,

ನಿನ್ನ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದೆ, ಹಿಂದುಗಡೆ ಏನಾದರೂ ಬರೆದಿದ್ದೀಯೋ ಎಂದು. ಅತ್ತು ಬರೆದ ತಂಗಿಗೆ ಕೋರ್ಟಿನ ನೋಟಿಸು ಕಳಿಸಿದ್ದೀಯ. ವಿಚಾರಣೆಗೆ ಬಂದ ಗುರುತಿಲ್ಲದ ಹೆಂಗಸು ನೀರು ಕೊಟ್ಟರು. ನೀನು ಪ್ರಶ್ನೆ ಕೊಟ್ಟೆ. ನನ್ನ ಮೇಲೆ ಅನುಮಾನವೇ?

ದೀಪ ಆರಿದ್ದು ಒಂದೇ ಸಲ. ಹೊಡೆದ ಮೇಲೆ ಹಚ್ಚಿದವಳು ನಾನೇ. ಪೊಲೀಸರಿಗೂ ಹಾಗೇ ಹೇಳಿದ್ದೇನೆ.

ಬೆರಳಿನ ವಿಷಯ ನೀನು ಕೇಳಿದೆ ಎಂದು ಆಸ್ಪತ್ರೆಗೆ ಹೋಗಿದ್ದೆ. ಯಾಕೆ ಹೋದೆ ಎಂದು ಬೈಯಬೇಡ. ಅವನು ಬದುಕಿದ್ದಾನೆ ಎಂದು ಕಣ್ಣಾರೆ ನೋಡದೆ ನನಗೆ ಇರಲು ಆಗುತ್ತಿರಲಿಲ್ಲ. ಹಾಸಿಗೆಯ ಸುತ್ತ ಕಟ್ಟಿರುವುದು ನಾನೇ ಹೊಲಿದ ಪರದೆ. ಅಂಚಿನ ಮಡಿಕೆ ನೋಡಿದ ತಕ್ಷಣ ಗೊತ್ತಾಯಿತು. ಅದರ ಸಂದಿಯಿಂದ ನೋಡಿದೆ. ಹೌದು, ಎಡಗೈಯ ತೋರುಬೆರಳು ಅರ್ಧ ಇಲ್ಲ. ನಿನಗೆ ಹೇಗೆ ಗೊತ್ತು?

ಅವನ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನಾನು ಯಾರೆಂದು ಪೇದೆ ಹೇಳಿಬಿಟ್ಟ. ಅವಳು ಬೈಯುತ್ತಾಳೆ, ಕೂದಲು ಹಿಡಿದು ಎಳೆಯುತ್ತಾಳೆ ಎಂದು ಗೋಡೆಗೆ ಅಂಟಿಕೊಂಡೆ. ಅವಳು ಕೂತಲ್ಲಿಂದ ಏಳಲೂ ಇಲ್ಲ. "ನಮ್ಮೋರು ಬಾಗ್ಲು ಒಡೆಯೋರಲ್ಲಮ್ಮ, ಬಾಗ್ಲು ಕೂರಿಸೋರು" ಎಂದಳು. "ಇಲ್ಲಿ ಹೊಸ ಕಟ್ಟಡದ ಬಾಗ್ಲು ಕೆಲಸಕ್ಕೆ ಬಂದಿದ್ರು. ಯಾರೋ ಮೇಡಂ ಬೀಗದ ಕೈ ಕೊಟ್ಟು, ಹಾಗೇ ಒಂದು ಸಣ್ಣ ಕೆಲಸ ಮಾಡ್ಕೊಟ್ಟು ಬನ್ನಿ ಅಂದಿದ್ರಂತೆ." ಯಾವ ಮೇಡಂ ಎಂದರೆ ಅವಳಿಗೆ ಹೆಸರು ಗೊತ್ತಿಲ್ಲ. ಪೇದೆ, "ಎಲ್ಲಾ ಕಳ್ಳರ ಹೆಂಡತೀರ್ಗೂ ಒಬ್ಬ ಮೇಡಂ ಇರ್ತಾಳೆ" ಎಂದು ನಕ್ಕ. ಎಚ್ಚರವಾದ ಕೂಡಲೇ ಅವನನ್ನು ಜೈಲಿಗೆ ಹಾಕುತ್ತಾರಂತೆ.

ಬೀದಿಯವರೆಲ್ಲ ನನ್ನನ್ನು ಗಂಡೆದೆಯವಳು ಎಂದು ಹೊಗಳುತ್ತಿದ್ದಾರೆ. ಮನೆಯ ಮಾಲೀಕರು ತಾವೇ ಬಂದು ಬಾಗಿಲಿಗೆ ದೊಡ್ಡ ಚಿಲಕ ಹಾಕಿಸಿದರು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಚಿಲಕ ಹಾಕಿಕೊಂಡು ಒಳಗೆ ಕೂತರೆ ಮೊದಲಿಗಿಂತ ಹೆಚ್ಚು ಭಯವಾಗುತ್ತದೆ. ಮೊದಲು ಹೊರಗಿನವರ ಭಯ ಮಾತ್ರ ಇತ್ತು.

ಅಕ್ಕಾ, ನಿನ್ನ ಹತ್ತಿರ ಇರುವ ನನ್ನ ಬೀಗದ ಕೈ ಇನ್ನೂ ಅಲ್ಲೇ ಇದೆ ತಾನೆ? ಒಂದು ಸಲ ತೆಗೆದು ನೋಡಿ ಬರೆ.

ಪುಕ್ಕಲಿ


ಮಾರ್ಚ್ 10

ತಂಗೀ,

ಬೀಗದ ಕೈ ನನ್ನ ಹತ್ತಿರ ಇಲ್ಲ. ನೋಡುವ ಅಗತ್ಯವೇ ಇಲ್ಲ. ಅದನ್ನು ಕೊಟ್ಟ ಮೇಡಂ ನಾನು.

ಅವರು ನಮ್ಮ ಆಫೀಸಿನ ಬಾಗಿಲುಗಳನ್ನೆಲ್ಲ ಕೂರಿಸಿದ ಬಡಗಿ. ಎಂಥ ಸಾಧು ಮನುಷ್ಯ ಎಂದರೆ, ಉಳಿಗೆ ಬೆರಳು ಹೋದ ಕಥೆಯನ್ನು ಉಳಿಯ ಮೇಲೆ ತಪ್ಪು ಹೊರಿಸದೆ ಹೇಳುತ್ತಾರೆ. ನೀನಿರುವ ಊರಿಗೆ ಕೆಲಸಕ್ಕೆ ಹೊರಟಿದ್ದೇನೆ ಎಂದರು. ನನಗೆ ದೇವರೇ ದಾರಿ ತೋರಿಸಿದ ಹಾಗಾಯಿತು. ಚಿಲಕ ಕೊಂಡುಕೊಟ್ಟೆ, ಬೀಗದ ಕೈಯನ್ನೂ ಕೊಟ್ಟೆ. ನಿನಗೆ ತಿಳಿಸಲಿಲ್ಲ. ತಿಳಿಸಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಇಲ್ಲವೇ ಅವರು ಬರುವ ತನಕ ಊಟ ನಿದ್ದೆ ಬಿಟ್ಟು ಕಾಯುತ್ತಿದ್ದೆ. ನಿನಗೆ ಭಯವಾಗಬಾರದು ಎಂದು ಮುಚ್ಚಿಟ್ಟೆ. ನನ್ನ ಬುದ್ಧಿಗೆ ಬೆಂಕಿ ಬೀಳ!

ಇನ್ನೂ ಇದೆ. ಅವರು ಹೊರಡುವಾಗ, "ಬಾಗ್ಲು ತಟ್ಟಿದ್ರೆ ಕೇಳುತ್ತಾ ಅಮ್ಮಾ?" ಎಂದು ಕೇಳಿದರು. ನಾನು ಹೇಳಿದೆ: "ಯಂತ್ರ ಓಡ್ತಿದ್ರೆ ಕೇಳಲ್ಲ. ಬೀಗ ತೆಗೆದು ಕೆಳಗೆ ಇಳೀರಿ. ದೀಪಾನ ಎರಡು ಸಲ ಆರಿಸಿ ಹಚ್ಚಿ. ನಮ್ಮವರೇ ಅಂತ ಅವಳಿಗೆ ಗೊತ್ತಾಗುತ್ತೆ, ಹೆದರಲ್ಲ." ಅವರು ಮರೆಯುವ ಮನುಷ್ಯರಲ್ಲ. ಬೆರಳಲ್ಲಿ ಎರಡು ತೋರಿಸಿ, "ಎರಡು ಸಲ" ಎಂದು ನನ್ನೆದುರಿಗೇ ಹೇಳಿಕೊಂಡರು.

ಹಾಗಾಗಿ ಹೊಡೆದೆ ಎಂದು ನೀನು ಬರೆದ ಕಾಗದ ಓದಿದಾಗಲೇ, ಅದು ಅವರೇ ಇರಬೇಕು ಎಂದು ನನಗೆ ಅನ್ನಿಸಿತು. ಅದಕ್ಕೇ ಆ ಪ್ರಶ್ನೆಗಳು. ಅನುಮಾನ ಅಲ್ಲ ಕಣೇ, ಭಯ. ನಿನಗೆ ಏನಾಗುತ್ತದೋ ಎಂಬ ಭಯದಲ್ಲಿ ಮಾತು ಮರಗಟ್ಟಿತು.

ಯಾರದೋ ಕೇಸು ಎಂದು ಹೇಳಿ ವಕೀಲರನ್ನು ಮತ್ತೆ ಕೇಳಿದೆ. "ಕಳ್ಳ ಅಂತ ನಿಜವಾಗ್ಲೂ ನಂಬಿ ಹೊಡೆದಿದ್ರೆ, ಬಂದವನು ಕಳ್ಳ ಅಲ್ಲದೆ ಇದ್ರೂ ಕಾನೂನು ಕಾಯುತ್ತೆ. ಕಳ್ಳ ಅಲ್ಲ ಅಂತ ಗೊತ್ತಾದ ಮೇಲೆ ಹೊಡೆದಿದ್ರೆ ಮಾತ್ರ ನಾನೂ ಏನೂ ಮಾಡಕ್ಕಾಗಲ್ಲ" ಎಂದರು.

ಅಂದರೆ ನಾನು ಬಂದು ಬೀಗದ ಕೈಯ ವಿಷಯ ಹೇಳಿದರೆ ಅವರು ಬಿಡುಗಡೆಯಾಗುತ್ತಾರೆ. ನಿನಗೂ ತೊಂದರೆ ಆಗುವುದಿಲ್ಲ, ದೀಪ ಒಂದೇ ಸಲ ಆರಿದ್ದರೆ. ಎರಡು ಸಲ ಎಂದು ನಾನು ಹೇಳಿಕೊಟ್ಟದ್ದು ನನಗೂ ಅವರಿಗೂ ಮಾತ್ರ ಗೊತ್ತು. ಅವರಿಗೆ ಎಚ್ಚರವಾಗಿಲ್ಲ. ನಾನು ಆ ಒಂದು ಮಾತು ನುಂಗಿಕೊಳ್ಳಬಲ್ಲೆ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ನಿನಗಾಗಿ ನುಂಗಬಲ್ಲೆ.

ಒಂದೇ ಸಲ ಎಂದು ಇನ್ನೊಮ್ಮೆ ಬರೆ. ಅಷ್ಟು ಸಾಕು, ಮತ್ತೆ ಎಂದೂ ಕೇಳುವುದಿಲ್ಲ.

ನಿನ್ನ ಪಾಪಿ,
ಅಕ್ಕ


ಮಾರ್ಚ್ 15

ಅಕ್ಕಾ,

ದೀಪ ಎರಡು ಸಲ ಆರಿತು.

ಮೊದಲನೆಯ ಸಲ ಆರಿದಾಗ ನಾನು ಬರೆದದ್ದೆಲ್ಲ ನಿಜ. ಟೀಚರು, ಬಾಯಿಗೆ ತುರುಕಿದ ಬಟ್ಟೆ, ಕಂಬಿ, ಎಲ್ಲ. ಕಂಬಿಗೆ ಕೈ ಹಾಕುವಷ್ಟರಲ್ಲಿ ದೀಪ ಹೊತ್ತಿತು, ಎದುರಿಗೆ ಹಸಿರು ಬಟ್ಟೆ ಕಂಡಿತು. ಕಂಬಿ ಎತ್ತಿ ತಿರುಗುತ್ತಿದ್ದೆ. ಆಗ ಮತ್ತೆ ಆರಿತು. ಆ ಎರಡನೆಯ ಕತ್ತಲಲ್ಲಿ ನನಗೆ ಗೊತ್ತಾಯಿತು, ನಮ್ಮವರು ಎಂದು. ಅಮ್ಮ ಇಲ್ಲ, ಅಪ್ಪ ಇಲ್ಲ, ಇನ್ನು ಯಾರಿದ್ದಾರೆ? ಅಕ್ಕ ಬಂದಳು ಎಂದುಕೊಂಡೆ. ನಗು ಬಂತು. ನಗುತ್ತಲೇ ಇದ್ದೆ, ಕಂಬಿ ಹಿಡಿದ ಕೈ ಬೀಸಿಬಿಟ್ಟಿತು.

ನನ್ನ ಭಯ ಹೋಗಿತ್ತು. ಕೈಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ತಡೆಯಬಹುದಿತ್ತೋ ಏನೋ. ಎಷ್ಟು ಯೋಚಿಸಿದರೂ ಅಲ್ಲಿಗೆ ಬಂದು ನಿಲ್ಲುತ್ತದೆ. ಬೀಳುವಾಗ ಅವರ ಕೈ ಸ್ವಿಚ್ಚನ್ನು ಎಳೆದುಕೊಂಡು ದೀಪ ಹೊತ್ತಿತು. ನೋಡಿದರೆ ನೀನಲ್ಲ. ಅಕ್ಕಾ, ನನಗೆ ಆಗ ಮೊದಲು ಬಂದದ್ದು ಸಮಾಧಾನ. ರಕ್ತ ಹರಿಯುತ್ತಿರುವಾಗ ಸಮಾಧಾನ. ಯಾಕೆಂದರೆ ಏಟು ಇಳಿದ ಆ ಕ್ಷಣದಲ್ಲಿ ನಾನು ಹೊಡೆದದ್ದು ಕಳ್ಳನನ್ನಲ್ಲ, ನಿನ್ನನ್ನು.

ಇದನ್ನು ಯಾರಿಗೆ ಹೇಳಲಿ? ಅದಕ್ಕೇ ಒಂದೇ ಸಲ ಎಂದೆ. ಪೊಲೀಸರಿಗೂ ಹೇಳಿದೆ, ನಿನಗೂ ಬರೆದೆ, ಕನ್ನಡಿಯ ಮುಂದೆ ನಿಂತೂ ಹೇಳಿಕೊಂಡೆ.

ನಿನ್ನ ಕಾಗದ ಓದಿ ಇವತ್ತು ಬೆಳಿಗ್ಗೆ ಠಾಣೆಗೆ ಹೋದೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ಈ ಬುದ್ಧಿ ನಿನ್ನಿಂದಲೇ ಕಲಿತದ್ದು. ಬೀಗದ ಕೈ ನೀನು ಕೊಟ್ಟದ್ದು, ಅವರು ಬಡಗಿ ಎನ್ನುವುದು, ದೀಪದ ಲೆಕ್ಕ, ಎಲ್ಲ ಹೇಳಿದೆ. ನೀರು ಕೊಟ್ಟಿದ್ದ ಆ ಅಧಿಕಾರಿ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟು, "ಎರಡನೇ ಸಲದ್ದು ಬರೀಲೇಬೇಕಾ? ಬರೆದ್ರೆ ನಿಮ್ಮ ರಕ್ಷಣೆ ಕೋರ್ಟಿನ ಕೈಗೆ ಹೋಗುತ್ತೆ" ಎಂದರು. ಹೌದೆಂದು ತಲೆಯಾಡಿಸಿದೆ. ಬರೆದುಕೊಂಡರು. ಮುಂದೆ ಏನಾಗುತ್ತದೆ ಎಂದು ಅವರಿಗೂ ಗೊತ್ತಿಲ್ಲ. ಊರು ಬಿಟ್ಟು ಹೋಗಬಾರದು ಎಂದಿದ್ದಾರೆ.

ಹಾಸಿಗೆಯ ಪಕ್ಕದ ಕುರ್ಚಿಯಿಂದ ಪೇದೆಯನ್ನು ವಾಪಸ್ ಕರೆಸಿಕೊಂಡರು. ಬಡಗಿಯ ಹೆಂಡತಿ ಈಗ ಆ ಕುರ್ಚಿಯಲ್ಲಿ ಕೂತಿದ್ದಾಳೆ. ಅವರಿಗೆ ಮಧ್ಯಾಹ್ನ ಎಚ್ಚರವಾಯಿತು. ಮಾತು ತೊದಲುತ್ತದೆ. ನಾನು ಪರದೆಯ ಹೊರಗೇ ನಿಂತಿದ್ದೆ, ಒಳಗೆ ಹೋಗುವ ಧೈರ್ಯ ಬರಲಿಲ್ಲ. ಅವರು ಹೆಂಡತಿಗೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. "ಎರಡು ಸಲ ಮಾಡ್ದೆ ಕಣೇ. ಅಮ್ಮಾವ್ರು ಹೇಳಿದ ಹಾಗೇ ಮಾಡ್ದೆ." ತಪ್ಪು ತಮ್ಮದೇ ಇರಬೇಕು ಎಂದು ಅವರು ಹುಡುಕುತ್ತಿದ್ದಾರೆ ಅಕ್ಕಾ.

ನೀನು ಬಾ. ಅವರಿಗೆ ಮುಖ ತೋರಿಸಲು ನನಗೆ ಒಬ್ಬಳಿಗೇ ಆಗುವುದಿಲ್ಲ. ನಿನ್ನ ಹೇಳಿಕೆಯೂ ಬೇಕಂತೆ. ಅಲ್ಲಿ ಯಾವ ಮಾತನ್ನೂ ನುಂಗಬೇಡ.

ಇನ್ನೊಂದು. ಬಂದಾಗ ದೀಪ ಮುಟ್ಟಬೇಡ. ಕೆಳಗೆ ಇಳಿಯಲೂ ಬೇಡ. ಬೀದಿಯಲ್ಲೇ ನಿಂತು ಗಟ್ಟಿಯಾಗಿ ಕೂಗು. ನಾನು ಬಾಗಿಲು ತೆರೆದು, ಎರಡು ಕೈಯನ್ನೂ ನಿನಗೆ ತೋರಿಸುವ ತನಕ ಕೂಗುತ್ತಲೇ ಇರು. ಪೊಲೀಸರು ಕಂಬಿ ತೆಗೆದುಕೊಂಡು ಹೋಗಿದ್ದಾರೆ. ಆದರೂ ನೀನು ದೂರವೇ ನಿಂತಿರು.

ನಿನ್ನ,
ತಂಗಿ